ಬಾಯಿಯನ್ನು ದೇಹದಿಂದ ಹೊರಗಿಟ್ಟವರು

ಅಪ್ಪನ ಸಕ್ಕರೆ ಕಾಯಿಲೆಯ ಫೈಲು ಹನ್ನೊಂದು ವರ್ಷದ್ದು. ದಾರ ಕಟ್ಟಿದರೂ ಬಾಯಿ ಕೂಡದಷ್ಟು ದಪ್ಪ. ಅದರಲ್ಲಿ ಕಣ್ಣಿನ ಹಿಂಪರದೆಯ ಫೋಟೊ ಇದೆ, ಕಿಡ್ನಿಯ ಲೆಕ್ಕ ಇದೆ, ಪಾದದ ಚಿತ್ರ ಬರೆದು ಎಲ್ಲಿ ಸ್ಪರ್ಶ ತಿಳಿಯುತ್ತದೆ, ಎಲ್ಲಿ ತಿಳಿಯುವುದಿಲ್ಲ ಎಂದು ಚುಕ್ಕೆಯಿಟ್ಟ ಹಾಳೆಯೂ ಇದೆ. ಬಾಯಿಯ ಬಗ್ಗೆ ಒಂದಕ್ಷರವಿಲ್ಲ. ಆ ಹನ್ನೊಂದು ವರ್ಷವೂ ಅವರ ವಸಡಿನಲ್ಲಿ ರಕ್ತ ಬರುತ್ತಿತ್ತು. ಬೆಳಿಗ್ಗೆ ಮುಕ್ಕಳಿಸಿ ಉಗುಳಿದ ನೀರು ಕೆಂಪಗಿರುತ್ತಿತ್ತು. ಯಾರ ಹತ್ತಿರವಾದರೂ ಮಾತಾಡುವಾಗ, ವಾಸನೆ ಬರುತ್ತದೆಂದು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನಾವು "ವಯಸ್ಸಾಯ್ತಲ್ಲ" ಅಂದುಕೊಂಡು ಸುಮ್ಮನಾದೆವು. ಡಾಕ್ಟರು ಏನೂ ಅನ್ನಲಿಲ್ಲ, ಏಕೆಂದರೆ ಅವರು ಬಾಯಿ ತೆಗೆಸಿ ನೋಡಿದ್ದೇ ಇಲ್ಲ. ಒಂದು ಮಧ್ಯಾಹ್ನ ಅನ್ನದ ತುತ್ತಿನ ಜೊತೆ ದವಡೆ ಹಲ್ಲೊಂದು ತಾನಾಗಿ ಕಿತ್ತು ಕೈಗೆ ಬಂತು. ಹಲ್ಲಿನ ಡಾಕ್ಟರ ಬಳಿ ಹೋದದ್ದು ಆಮೇಲೆ. ಆಕೆ ವಸಡನ್ನು ಬೆರಳಿನಿಂದ ಒತ್ತಿದರು. ಕೀವು ಬಂತು. ಒಂದು ಹಲ್ಲಿನ ಬುಡದಲ್ಲಷ್ಟೇ ಆಗಿದ್ದರೆ ಬೇರೆ ಮಾತು, ಸುತ್ತಲೂ ಬಂತು.

"ಶುಗರ್ ಕಂಟ್ರೋಲಿಗೆ ಬರ್ತಿಲ್ಲ ಅಂತ ಮಾತ್ರೆ ಮೇಲೆ ಮಾತ್ರೆ ಏರಿಸಿದ್ದಾರೆ. ಇದನ್ನ ಯಾರೂ ನೋಡಲಿಲ್ವಾ ಯಜಮಾನ್ರೇ?" ಎಂದು ಅವರು ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು.

"ಹಲ್ಲು ತಾನೆ, ಕೀಳಿಸಿದ್ರಾಯ್ತು." ಅರಳಿಕಟ್ಟೆಯಿಂದ ಹಿಡಿದು ವಿಮಾ ಕಂಪನಿಯ ಕಚೇರಿಯವರೆಗೆ ಈ ಮಾತು ಒಂದೇ ದನಿಯಲ್ಲಿ ಕೇಳಿಸುತ್ತದೆ. ಮನೆಯಲ್ಲಿ ಅದು ಉದಾಸೀನ. ವಿಮೆಯ ಪಾಲಿಸಿಯಲ್ಲಿ "ಅಪಘಾತದ ಹೊರತು ದಂತ ಚಿಕಿತ್ಸೆಗೆ ಅನ್ವಯಿಸುವುದಿಲ್ಲ" ಎಂಬ ಷರತ್ತು. ಆಸ್ಪತ್ರೆಯಲ್ಲಿ ಬೇರೆ ಕೋಣೆ, ಬೇರೆ ಚೀಟಿ, ಬೇರೆ ಸರದಿ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳೆಲ್ಲ ಆರೋಗ್ಯದ ವಿಷಯ, ಹಲ್ಲು ಮಾತ್ರ ಅಂದಚಂದದ ವಿಷಯ ಅಥವಾ ಒಂದು ಸಣ್ಣ ಕಿರಿಕಿರಿ ಎಂಬುದು ಇದರ ಹಿಂದಿನ ನಂಬಿಕೆ. ಓದಿದವರೂ ಓದದವರೂ ಸಮನಾಗಿ ನಂಬಿರುವ ಸುಳ್ಳುಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ ಕೊಡಬೇಕು.

ಒಂದು ಹೋಲಿಕೆ ಮಾಡಿ ನೋಡೋಣ. ವಸಡಿನ ಕಾಯಿಲೆ ಬಲಿತವರಲ್ಲಿ ಹಲ್ಲಿಗೂ ವಸಡಿಗೂ ನಡುವೆ ಸಂದು ಬಿಟ್ಟುಕೊಳ್ಳುತ್ತದೆ. ಆ ಸಂದುಗಳ ಒಳಗೋಡೆ ಹಸಿ ಗಾಯ. ಎಲ್ಲ ಹಲ್ಲುಗಳ ಸುತ್ತಲಿನ ಆ ಗಾಯವನ್ನು ಬಿಡಿಸಿ ಹಾಸಿದರೆ ಎಷ್ಟಾಗುತ್ತದೆ? ಎರಡು ಅಂಗೈಯಷ್ಟು ಎಂದು ಕೆಲವರು ಉಬ್ಬಿಸಿ ಹೇಳುವುದುಂಟು. ಎಚ್ಚರಿಕೆಯಿಂದ ಮಾಡಿದ ಅಂದಾಜು 8ರಿಂದ 20 ಚದರ ಸೆಂಟಿಮೀಟರ್. ಅಷ್ಟೇ ಎಂದುಕೊಳ್ಳೋಣ. ಅಷ್ಟು ಅಗಲದ, ಕೀವು ಸೋರುವ, ವರ್ಷಗಟ್ಟಲೆ ಮಾಯದ ಹುಣ್ಣು ಸಕ್ಕರೆ ಕಾಯಿಲೆಯವರ ಪಾದದಲ್ಲಿದ್ದರೆ ಏನು ನಡೆಯುತ್ತದೆ? ಮನೆಯವರ ನಿದ್ದೆ ಹಾರಿಹೋಗುತ್ತದೆ. ಡಾಕ್ಟರು ಅಡ್ಮಿಟ್ ಮಾಡುತ್ತಾರೆ, ಸರ್ಜನ್ ಬರುತ್ತಾರೆ, ಕಾಲು ಉಳಿಯುತ್ತದೋ ಇಲ್ಲವೋ ಎಂಬ ಮಾತು ಏಳುತ್ತದೆ. ಅದೇ ಹುಣ್ಣು ತುಟಿಯ ಹಿಂದಿದ್ದರೆ ಹೊಸ ಪೇಸ್ಟ್ ಕೊಳ್ಳಿ ಎನ್ನುತ್ತೇವೆ. ರಕ್ತ ಒಂದೇ, ಸಕ್ಕರೆ ಒಂದೇ, ಸೂಕ್ಷ್ಮಾಣುಗಳೊಂದಿಗೆ ಹೋರಾಡುವ ಬಿಳಿ ರಕ್ತಕಣಗಳೂ ಒಂದೇ. ಬೇರೆಯಾಗಿರುವುದು ನಮ್ಮ ಕಣ್ಣು.

ಸಕ್ಕರೆ ಕಾಯಿಲೆ ಮತ್ತು ವಸಡಿನ ನಂಟು ನಿನ್ನೆ ಮೊನ್ನೆ ತಿಳಿದದ್ದಲ್ಲ. ಕಣ್ಣು, ಕಿಡ್ನಿ, ನರ ಇವುಗಳ ಸಾಲಿನಲ್ಲೇ ವಸಡಿನ ಕಾಯಿಲೆಯನ್ನು ಸಕ್ಕರೆ ಕಾಯಿಲೆಯ ಆರನೆಯ ತೊಡಕೆಂದು ಎಣಿಸಬೇಕೆಂದು ದಂತವಿಜ್ಞಾನಿ ಹೆರಾಲ್ಡ್ ಲೋ 1993ರಲ್ಲೇ ಬರೆದರು. ನಂಟು ಎರಡೂ ಕಡೆಯಿಂದ ಎಳೆಯುತ್ತದೆ. ಸಕ್ಕರೆ ಏರಿದರೆ ವಸಡು ಹಾಳಾಗುತ್ತದೆ. ವಸಡಿನ ಉರಿಯೂತದಿಂದ ಹೊರಡುವ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಮಾಡುವ ಕೆಲಸಕ್ಕೆ ಅಡ್ಡ ಬರುತ್ತವೆ. ವಸಡಿಗೆ ಚಿಕಿತ್ಸೆ ಕೊಟ್ಟರೆ ಸಕ್ಕರೆ ಇಳಿಯುತ್ತದೆಯೇ ಎಂದು ಪ್ರಯೋಗಗಳು ನಡೆದವು. 2013ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ಇಳಿಯಲಿಲ್ಲ ಎಂದಿತು. ಅದನ್ನೂ ಸೇರಿಸಿಕೊಂಡು 35 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕೊಕ್ರೇನ್ ಪರಿಶೀಲನೆಯಲ್ಲಿ, ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಿಗೆ ರಕ್ತದ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.43 ಶೇಕಡಾ ಅಂಶ ಇಳಿದಿತ್ತು. ಕೇಳಲು ಚಿಕ್ಕ ಅಂಕಿ. ಮಧುಮೇಹದ ವೈದ್ಯರು ಇಂಥ ಇಳಿಕೆಗಾಗಿ ಇನ್ನೊಂದು ಮಾತ್ರೆ ಬರೆಯಲು ಹಿಂದೆಮುಂದೆ ನೋಡುವುದಿಲ್ಲ. ಆ ಮಾತ್ರೆ ಜೀವನಪರ್ಯಂತ ನುಂಗಬೇಕು. ವಸಡು ಶುಚಿ ಮಾಡಿಸಲು ಹಿಡಿಯುವುದು ಒಂದೆರಡು ಬೆಳಗು, ಆಮೇಲೆ ಆಗಾಗ ಒಂದೊಂದು.

ಹಾಗಿದ್ದೂ ಅಪ್ಪನ ಫೈಲಿನಲ್ಲಿ ಬಾಯಿ ಏಕಿಲ್ಲ? ವೈದ್ಯರು ಕೆಟ್ಟವರೆಂದಲ್ಲ. ಅವರ ಓದಿನಲ್ಲೇ ಬಾಯಿಗೆ ಜಾಗ ತೀರ ಕಡಿಮೆ. ದೇಹವನ್ನು ಇಬ್ಬರು ವೈದ್ಯರ ನಡುವೆ ಹೀಗೆ ಪಾಲು ಮಾಡಿದ್ದು ಪ್ರಕೃತಿಯಲ್ಲ, ಇತಿಹಾಸದ ಒಂದು ಘಟನೆ. 1840ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ತೆರೆದರು, ವೈದ್ಯ ಕಾಲೇಜಿಗಿಂತ ಬೇರೆಯಾಗಿ. ಅಂದಿನ ಮಟ್ಟಿಗೆ ಅದು ದೊಡ್ಡ ಮುನ್ನಡೆ, ಏಕೆಂದರೆ ಅಲ್ಲಿಯವರೆಗೆ ಹಲ್ಲು ಕೀಳುವವರಲ್ಲಿ ಕ್ಷೌರಿಕರೂ ಕಮ್ಮಾರರೂ ಇದ್ದರು. ಆದರೆ ಅಂದು ಬಿದ್ದ ಗೆರೆ ಅಳಿಯಲಿಲ್ಲ. ಕಡಲು ದಾಟಿ ನಮ್ಮಲ್ಲಿಗೂ ಬಂತು. 1920ರಲ್ಲಿ ರಫಿಯುದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ನಮ್ಮ ಮೊದಲ ದಂತವೈದ್ಯ ಕಾಲೇಜು ಕಟ್ಟಿದರು. 1948ರಲ್ಲಿ ದಂತವೈದ್ಯರಿಗೆ ಬೇರೆಯೇ ಕಾಯ್ದೆ ಬಂತು. 2023ರಲ್ಲಿ ಅದರ ಬದಲಿಗೆ ಹೊಸ ಕಾಯ್ದೆ ಮಾಡಿದಾಗಲೂ ದಂತವೈದ್ಯರ ಆಯೋಗ ಬೇರೆಯಾಗಿಯೇ ಉಳಿಯಿತು. ಹಳೆಯ ಆಯುರ್ವೇದದಲ್ಲಿ ಈ ಗೆರೆ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಕಣ್ಣು, ಕಿವಿ, ಮೂಗುಗಳ ಜೊತೆ ಹಲ್ಲು ಮತ್ತು ವಸಡನ್ನೂ ಶಾಲಾಕ್ಯ ಎಂಬ ಒಂದೇ ಅಂಗದೊಳಗೆ ಇಟ್ಟಿದ್ದರು. ಅವರ ಮದ್ದುಗಳೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ದೇಹವನ್ನು ಹೀಗೆಯೇ ಹಂಚಬೇಕೆಂದು ಎಲ್ಲೂ ಬರೆದಿಲ್ಲ ಎನ್ನುತ್ತಿದ್ದೇನೆ, ಅಷ್ಟೆ.

ಆ ಗೆರೆ ಎಷ್ಟು ದುಬಾರಿ ಎಂಬುದು ಅದೇ ಮೇರಿಲ್ಯಾಂಡ್‌ನಲ್ಲಿ 2007ರ ಫೆಬ್ರುವರಿಯಲ್ಲಿ ಕಂಡಿತು. 12 ವರ್ಷದ ಬಡ ಹುಡುಗನ ಹಲ್ಲೊಂದು ಹುಳುಕಾಗಿ ಬುಡದಲ್ಲಿ ಕೀವು ಕಟ್ಟಿತ್ತು. ಸುಮಾರು 80 ಡಾಲರಿಗೆ ಅದನ್ನು ಕೀಳಿಸಬಹುದಿತ್ತು. ಬಡವರ ವಿಮೆಯಡಿ ಮಕ್ಕಳನ್ನು ನೋಡುವ ದಂತವೈದ್ಯರು ಸಿಗುವುದೇ ಕಷ್ಟವಿತ್ತು, ಆ ವಿಮೆಯೂ ನಡುವೆ ಕಡಿದುಹೋಗಿತ್ತು. ಸೋಂಕು ಮಿದುಳಿಗೆ ಹಬ್ಬಿತು. ಎರಡು ಬಾರಿ ಶಸ್ತ್ರಚಿಕಿತ್ಸೆ ಮಾಡಿದರು, ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಂಡರು, ಎರಡೂವರೆ ಲಕ್ಷ ಡಾಲರಿನಷ್ಟು ಖರ್ಚಾಯಿತು. ಹುಡುಗ ಉಳಿಯಲಿಲ್ಲ. ಮಿದುಳಿನ ಚಿಕಿತ್ಸೆಗೆ ಲಕ್ಷಗಳನ್ನು ಸುರಿದ ವ್ಯವಸ್ಥೆಗೆ ಹಲ್ಲಿಗೆ 80 ಡಾಲರ್ ಕೊಡಲು ದಾರಿ ಇರಲಿಲ್ಲ. ಅದರ ಲೆಕ್ಕದಲ್ಲಿ ಮಿದುಳು ದೇಹ, ಹಲ್ಲು ದೇಹವಲ್ಲ. ಎರಡು ವರ್ಷದ ಬಳಿಕ ಅಮೆರಿಕದ ಸಂಸತ್ತು ಮಕ್ಕಳ ಆರೋಗ್ಯ ವಿಮೆಯಲ್ಲಿ ದಂತ ಚಿಕಿತ್ಸೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಇಂಥ ಸಾವು ಆಗುವುದಿಲ್ಲವೇ? ಕೆಳದವಡೆಯ ಹಲ್ಲಿನ ಕೀವು ನಾಲಿಗೆಯಡಿಗೆ ಇಳಿದು, ಗಂಟಲು ಬಾತು, ಉಸಿರು ಕಟ್ಟುವ ಸ್ಥಿತಿಯನ್ನು ಜರ್ಮನಿಯ ಲುಡ್ವಿಗ್ 1836ರಲ್ಲೇ ಬರೆದಿಟ್ಟ. ಇಂದಿಗೂ ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಇಂಥವರು ಬರುತ್ತಲೇ ಇದ್ದಾರೆ. ನೋವಿನ ಮಾತ್ರೆ ನುಂಗಿ, ಹಲ್ಲಿನ ಸಂದಿಗೆ ಲವಂಗ ಒತ್ತಿ, ಕೆನ್ನೆ ಬಾತ ಮೇಲೆ ಅರಿಶಿನ ಮೆತ್ತಿ, ಬಾಯಿ ತೆರೆಯಲಾಗದಂತಾದ ಮೇಲೆ ಬರುತ್ತಾರೆ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲ ಎಂದು ಅವರಿಗೆ ಹೇಳಿಕೊಟ್ಟವರು ನಾವೇ.

ಇನ್ನು ನನ್ನ ಕಡೆಯವರೊಂದಿಗೇ ಒಂದು ಜಗಳವಿದೆ. ಹಲ್ಲಿನ ಪರವಾಗಿ ಮಾತಾಡುವವರಲ್ಲಿ ಬಹಳ ಮಂದಿ ಇತ್ತೀಚೆಗೆ ಹೆದರಿಕೆಯನ್ನು ಮಾರುತ್ತಿದ್ದಾರೆ. ವಸಡು ಕೆಟ್ಟರೆ ಹೃದಯಾಘಾತ, ಬ್ರಷ್ ಮಾಡದಿದ್ದರೆ ಮರೆವಿನ ರೋಗ ಎಂಬ ಪೋಸ್ಟರುಗಳನ್ನು ಕ್ಲಿನಿಕ್ಕುಗಳ ಗೋಡೆಯ ಮೇಲೆ ನೋಡಿದ್ದೇನೆ. ವಿಜ್ಞಾನ ಅಷ್ಟು ಹೇಳಿಲ್ಲ. ಹಲ್ಲು ಕೆಟ್ಟವರಲ್ಲಿ ಹೃದಯಾಘಾತ ಹೆಚ್ಚು ಎಂದು ಫಿನ್ಲೆಂಡಿನ ಸಂಶೋಧಕರು 1989ರಲ್ಲಿ ತೋರಿಸಿದ್ದು ನಿಜ. ಆ ಮೇಲೆ ನೂರಾರು ಅಧ್ಯಯನಗಳಾದವು. ಅವನ್ನೆಲ್ಲ ತೂಗಿ ನೋಡಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಎರಡಕ್ಕೂ ಸಂಬಂಧ ಇದೆ, ಆದರೆ ಒಂದರಿಂದಲೇ ಇನ್ನೊಂದು ಬರುತ್ತದೆಂದು ಸಾಬೀತಾಗಿಲ್ಲ ಎಂದು 2012ರಲ್ಲಿ ಸ್ಪಷ್ಟವಾಗಿ ಹೇಳಿತು. ಬೀಡಿ ಸಿಗರೇಟು, ಬಡತನ, ಸಕ್ಕರೆ ಕಾಯಿಲೆ ಇವು ವಸಡನ್ನೂ ಕೆಡಿಸುತ್ತವೆ, ಹೃದಯವನ್ನೂ ಕೆಡಿಸುತ್ತವೆ. ಎಳೆಗಳನ್ನು ಬಿಡಿಸುವುದು ಸುಲಭವಲ್ಲ. ಕವಾಟದ ತೊಂದರೆ ಇರುವವರ ಹೃದಯದಲ್ಲಿ ಬಾಯಿಯ ಸೂಕ್ಷ್ಮಾಣು ಹೋಗಿ ಬೀಡುಬಿಡುವುದು ಬೇರೆ ವಿಷಯ. ಅದು ನಿಶ್ಚಿತ. ಅಂಥವರಲ್ಲಿ ಹೆಚ್ಚು ಅಪಾಯವಿರುವವರಿಗೆ ಹಲ್ಲು ಕೀಳುವ ಮೊದಲು ಆಂಟಿಬಯಾಟಿಕ್ ಕೊಡುವುದು ಅದಕ್ಕೇ.

ಉತ್ಪ್ರೇಕ್ಷೆಯನ್ನು ಕಂಡರೆ ನನಗೆ ಭಯ, ಏಕೆಂದರೆ ಒಮ್ಮೆ ಹೀಗೆಯೇ ಆಗಿತ್ತು. ಬಾಯಿಯಿಂದ ಸೋಂಕು ದೇಹದ ಬೇರೆಡೆಗೆ ಹೋಗಬಲ್ಲದು ಎಂದು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1891ರಲ್ಲಿ ಬರೆದದ್ದು ಒಳ್ಳೆಯ ವಿಜ್ಞಾನವೇ. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದ ನಂತರ ಅದು ಹುಚ್ಚಾಯಿತು. ಕೀಲುನೋವಿಗೂ ಹಲ್ಲು ಕಿತ್ತರು, ಹೊಟ್ಟೆನೋವಿಗೂ ಕಿತ್ತರು. ನ್ಯೂ ಜೆರ್ಸಿಯ ಟ್ರೆಂಟನ್‌ನಲ್ಲಿ ಹೆನ್ರಿ ಕಾಟನ್ ಎಂಬ ಮನೋವೈದ್ಯ ಮಾನಸಿಕ ರೋಗಿಗಳ ಹಲ್ಲುಗಳನ್ನೆಲ್ಲ ಕಿತ್ತು ಹಾಕಿದ. ಗುಣ ಕಾಣದಿದ್ದಾಗ ಕರುಳನ್ನೂ ಕತ್ತರಿಸಿದ. ಅನೇಕರು ಸತ್ತರು. ಆ ಸಿದ್ಧಾಂತ ಕುಸಿದ ಮೇಲೆ ವೈದ್ಯಲೋಕ ನಾಚಿ, ಬಾಯಿಯ ಕಡೆ ತಿರುಗಿ ನೋಡುವುದನ್ನೇ ದಶಕಗಳ ಕಾಲ ಬಿಟ್ಟಿತು. ಇಂದು ಪೋಸ್ಟರ್ ಅಂಟಿಸುವವರು ನಾಳಿನ ಅಂಥದೇ ನಾಚಿಕೆಗೆ ನೆಲ ಹದ ಮಾಡುತ್ತಿದ್ದಾರೆ.

ಅದಕ್ಕಿಂತ ಆಳವಾದ ತಪ್ಪೂ ಆ ಪೋಸ್ಟರಿನಲ್ಲಿದೆ. ಹೃದಯಕ್ಕೆ ತೊಂದರೆಯಾಗುತ್ತದೆ, ಆದ್ದರಿಂದ ಹಲ್ಲು ನೋಡಿಕೊಳ್ಳಿ ಎಂದಾಗ, ಹಲ್ಲಿಗೆ ತನ್ನದೇ ಬೆಲೆ ಇಲ್ಲವೆಂದು ಒಪ್ಪಿಕೊಂಡಂತಾಯಿತು. ಬಾಯಿ ದೇಹದ ಕನ್ನಡಿ, ಬಾಯಿ ದೇಹದ ಹೆಬ್ಬಾಗಿಲು ಎಂಬ ಘೋಷಣೆಗಳೂ ಇದನ್ನೇ ಹೇಳುತ್ತವೆ. ಕನ್ನಡಿ ಮೈಯಿಂದ ದೂರ ಇರುತ್ತದೆ. ಹೆಬ್ಬಾಗಿಲಲ್ಲಿ ಯಾರೂ ವಾಸ ಮಾಡುವುದಿಲ್ಲ. ಕಣ್ಣಿನ ಪೊರೆ ತೆಗೆಸುವವರನ್ನು ಅದರಿಂದ ಹೃದಯಕ್ಕೇನು ಲಾಭ ಎಂದು ಯಾರಾದರೂ ಕೇಳುತ್ತಾರೆಯೇ? ಕಣ್ಣು ಕಾಣಬೇಕು, ಅಷ್ಟು ಸಾಕು. ಅಗಿಯಲು ಆಗಬೇಕು, ನೋವಿಲ್ಲದೆ ನಿದ್ದೆ ಬರಬೇಕು, ನಾಲ್ಕು ಜನರ ನಡುವೆ ಬಾಯಿ ಬಿಟ್ಟು ಮಾತಾಡಬೇಕು, ನಗಬೇಕು. ಇವೇ ಆರೋಗ್ಯ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ಒಂದಲ್ಲ ಒಂದು ಕಾಯಿಲೆಯಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳಿತು. ಅಷ್ಟು ಜನರ ನೋವಿಗೆ ಇನ್ನೊಂದು ಅಂಗದ ಶಿಫಾರಸು ಏಕೆ ಬೇಕು?

ಈ ಕಣ್ಣಿನಿಂದ ನೋಡಿದರೆ ಸೋತವೆನ್ನುವ ಸಂಶೋಧನೆಗಳೂ ಬೆಲೆಯುಳ್ಳವೇ. ಗರ್ಭಿಣಿಯರ ವಸಡಿಗೆ ಚಿಕಿತ್ಸೆ ಕೊಟ್ಟರೆ ದಿನ ತುಂಬುವ ಮೊದಲಿನ ಹೆರಿಗೆ ಕಡಿಮೆಯಾಗುತ್ತದೆಯೇ ಎಂದು ಅಮೆರಿಕದಲ್ಲಿ 823 ಹೆಂಗಸರ ಮೇಲೆ ಪ್ರಯೋಗ ನಡೆಯಿತು. 2006ರಲ್ಲಿ ಫಲಿತಾಂಶ ಬಂತು. ಕಡಿಮೆಯಾಗಲಿಲ್ಲ. ಅಲ್ಲಿಗೆ ಎಲ್ಲರೂ ಪುಸ್ತಕ ಮುಚ್ಚಿದರು. ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತ್ತು. ಬಸಿರಿನಲ್ಲಿ ವಸಡಿನ ಚಿಕಿತ್ಸೆ ಸುರಕ್ಷಿತ, ವಸಡೂ ವಾಸಿಯಾಗುತ್ತದೆ. ನಮ್ಮ ಮನೆಗಳಲ್ಲಿ ಆ ಒಂಬತ್ತು ತಿಂಗಳು ಹಲ್ಲಿನ ಡಾಕ್ಟರ ಹೆಸರೆತ್ತುವ ಹಾಗಿಲ್ಲ. ಅತ್ತೆ ಬೇಡ ಅನ್ನುತ್ತಾರೆ, ಅಮ್ಮ ಬೇಡ ಅನ್ನುತ್ತಾರೆ, ಕೆಲವು ಡಾಕ್ಟರೂ ಹೆರಿಗೆ ಆಗಲಿ ತಡೆಯಿರಿ ಅನ್ನುತ್ತಾರೆ. ಹಾರ್ಮೋನಿನ ಏರಿಳಿತಕ್ಕೆ ವಸಡು ಬಾತು ರಕ್ತ ಸೋರುವ ಕಾಲವೇ ಅದು. ಹಲ್ಲುನೋವಿಗೆ ಊಟ ಬಿಟ್ಟು, ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ನುಂಗುವ ಬಸುರಿಗೆ ಆ 823 ಹೆಂಗಸರ ಸುದ್ದಿ ಇನ್ನೂ ಮುಟ್ಟಿಲ್ಲ.

ಬಾಯಿಯ ಆರೈಕೆ ಜೀವ ಉಳಿಸುವುದು ನೇರವಾಗಿ ಕಾಣುವ ಜಾಗವೂ ಒಂದಿದೆ. ಹಾಸಿಗೆ ಹಿಡಿದವರ ಬಾಯಿಯಲ್ಲಿ ಬೆಳೆದ ಸೂಕ್ಷ್ಮಾಣುಗಳು ಎಂಜಲಿನ ಜೊತೆ ಉಸಿರ್ನಾಳಕ್ಕಿಳಿದು ನ್ಯುಮೋನಿಯಾ ತರುತ್ತವೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ಒಂದು ಗುಂಪಿಗೆ ಪ್ರತಿ ಊಟದ ಬಳಿಕ ಹಲ್ಲುಜ್ಜಿಸಿದರು, ಇನ್ನೊಂದು ಗುಂಪನ್ನು ಇದ್ದಂತೆ ಬಿಟ್ಟರು. ಉಜ್ಜಿಸದವರಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ಬಂತು, ಉಜ್ಜಿಸಿದವರಲ್ಲಿ 11 ಮಂದಿಗೆ. ಐಸಿಯುಗಳಲ್ಲಿ ನಡೆದ ಪ್ರಯೋಗಗಳನ್ನೂ ಸೇರಿಸಿ 2023ರ ಕೊನೆಗೆ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ದಿನವೂ ಬ್ರಷ್ ಮಾಡಿಸಿದ ರೋಗಿಗಳಲ್ಲಿ ನ್ಯುಮೋನಿಯಾವೂ ಐಸಿಯು ಸಾವೂ ಕಡಿಮೆ ಇದ್ದವು. ವೆಂಟಿಲೇಟರಿನಲ್ಲಿದ್ದವರಿಗೆ ಲಾಭ ಹೆಚ್ಚು. ದಿನಕ್ಕೆ ಹತ್ತಾರು ಸಾವಿರ ಬಿಲ್ ಮಾಡುವ ಐಸಿಯುವಿನಲ್ಲಿ ಇಪ್ಪತ್ತು ರೂಪಾಯಿಯ ಬ್ರಷ್ ಇದೆಯೇ ಎಂದು ನಮ್ಮವರು ಒಳಗಿರುವಾಗ ನಾವು ಕೇಳುತ್ತೇವೆಯೇ? ಕೇಳಬೇಕು. ನರ್ಸ್‌ಗಳ ಮೇಲೆ ಈಗಾಗಲೇ ಹೊರೆ ಹೆಚ್ಚು ಎಂಬುದನ್ನು ಬಲ್ಲೆ. ಅವರನ್ನು ದೂರಿ ಫಲವಿಲ್ಲ. ಅದನ್ನು ಕೆಲಸವೆಂದು ಲೆಕ್ಕ ಹಿಡಿದು ಅದಕ್ಕೆ ಕೈ ಕೊಡಬೇಕಾದವರು ಆಡಳಿತದವರು.

ವೈದ್ಯರಿಗೂ ದಂತವೈದ್ಯರಿಗೂ ನಡುವೆ ವಿದ್ಯೆ ಎರಡೂ ಕಡೆ ಹರಿಯದಿದ್ದರೆ ರೋಗಿಯೇ ಬೆಲೆ ತೆರುತ್ತಾನೆ. ಮಿಯಾಮಿಯ ಬಾಯಿ ಮತ್ತು ದವಡೆಯ ಸರ್ಜನ್ ರಾಬರ್ಟ್ ಮಾರ್ಕ್ಸ್ 2003ರಲ್ಲಿ 36 ರೋಗಿಗಳ ಬಗ್ಗೆ ಬರೆದರು. ಅವರ ದವಡೆಯ ಮೂಳೆ ಸತ್ತು ಬಾಯೊಳಗೆ ಬೆತ್ತಲಾಗಿತ್ತು. ಎಲ್ಲರೂ ಮೂಳೆಯ ಬಲಕ್ಕೆಂದೋ, ಮೂಳೆಗೆ ಹಬ್ಬಿದ ಕ್ಯಾನ್ಸರಿಗೆಂದೋ ಬಿಸ್ಫಾಸ್ಫೊನೇಟ್ ಎಂಬ ಮದ್ದು ಪಡೆದವರು. ಮದ್ದು ಒಳ್ಳೆಯದೇ, ಇಂದಿಗೂ ಬೇಕು. ಆದರೆ ಅದು ಶುರುವಾದ ಮೇಲೆ ಹಲ್ಲು ಕಿತ್ತರೆ ಗಾಯ ಮಾಯದಿರುವ ಅಪಾಯವುಂಟು ಎಂದು ಜಗತ್ತಿಗೆ ತಿಳಿದದ್ದು ದವಡೆ ನೋಡುವವರಿಂದ. ಹಾಗಾಗಿ ಆ ಮದ್ದು ಶುರುಮಾಡುವ ಮೊದಲು ಹಾಳಾದ ಹಲ್ಲುಗಳನ್ನು ಸರಿಪಡಿಸಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಮಂದಿಯನ್ನು ಹಾಗೆ ಮುಂಚೆಯೇ ಕಳಿಸುತ್ತಾರೆ? ಬಿಪಿಗೆ ಕೊಡುವ ಅಮ್ಲೊಡಿಪಿನ್ ಮಾತ್ರೆಯಿಂದ ಕೆಲವರಿಗೆ ವಸಡು ಬೆಳೆದು ಹಲ್ಲನ್ನೇ ಮುಚ್ಚುತ್ತದೆ, ಮಾತ್ರೆ ಬದಲಿಸಿದರೆ ಬಹುಪಾಲು ಇಳಿಯುತ್ತದೆ. ಬರೆದ ಡಾಕ್ಟರು ಬಾಯಿ ನೋಡುವುದಿಲ್ಲ. ಹಲ್ಲಿನ ಡಾಕ್ಟರು ಮಾತ್ರೆಯ ಹೆಸರು ಕೇಳದಿದ್ದರೆ ವಸಡು ಕತ್ತರಿಸುತ್ತಾರೆ, ಅದು ಮತ್ತೆ ಬೆಳೆಯುತ್ತದೆ.

ಪಾವಗಡ, ಬಾಗೇಪಲ್ಲಿ ಕಡೆಯ ಶಾಲೆಗಳ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟಿಗಳು ಕಾಣುತ್ತವೆ. ಮದುವೆಗೆ ತೊಂದರೆಯಾಗುತ್ತದೆಂದು ದೊಡ್ಡವರು ಕೊರಗುತ್ತಾರೆ, ಅನುಕೂಲವಿದ್ದವರು ಪಟ್ಟಣಕ್ಕೆ ಹೋಗಿ ಹಲ್ಲಿಗೆ ಹೊದಿಕೆ ಹಾಕಿಸುತ್ತಾರೆ. ಅಂದದ ಸಮಸ್ಯೆ ಅಲ್ಲಿಗೆ ಮುಗಿಯಿತು. ಕಾಯಂ ಹಲ್ಲಿನ ಹೊರಪದರ ರೂಪುಗೊಳ್ಳುವುದು ಹುಟ್ಟಿದಾರಭ್ಯ ಎಂಟು ವರ್ಷದೊಳಗೆ. ಆಗ ಕುಡಿದ ಕೊಳವೆಬಾವಿ ನೀರಿನ ಫ್ಲೋರೈಡ್ ಅಲ್ಲಿ ಅಳಿಸಲಾಗದಂತೆ ದಾಖಲಾಗುತ್ತದೆ. ಅದೇ ನೀರನ್ನು ಕುಡಿಯುತ್ತಾ ಹೋದರೆ ಮುಂದೆ ಬೆನ್ನುಮೂಳೆ ಬಿಗಿದು, ಕೀಲು ಸೆಟೆದು, ನಡು ಬಾಗುತ್ತದೆ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಈ ಮೂಳೆರೋಗವನ್ನು ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ವರದಿ ಮಾಡಿದ್ದರು. ಮೂಳೆ ಬಾಗಲು ದಶಕಗಳು ಬೇಕು. ಹಲ್ಲು ಎಂಟನೆಯ ವಯಸ್ಸಿಗೇ ಸಾಕ್ಷಿ ಹೇಳಿರುತ್ತದೆ. ಒಂದು ಊರಿನ ನೀರು ಹೇಗಿದೆ ಎಂದು ಅರಿಯಲು ಮೂರನೆಯ ತರಗತಿಯ ಮಕ್ಕಳನ್ನು ನಗಿಸಿದರೆ ಸಾಕು. ಅದನ್ನು ಅಂದದ ಖಾತೆಗೆ ಬರೆದು ಮುಚ್ಚಿದ್ದೇವೆ.

ಅಡಿಕೆಯ ನಾಡಿನವನಾಗಿ ಇನ್ನೊಂದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಗುಟ್ಕಾ, ಅಡಿಕೆ ಜಗಿಯುವವರ ಬಾಯಿ ಮೊದಲು ಖಾರ ತಡೆಯದಂತಾಗುತ್ತದೆ, ಕೆನ್ನೆಯ ಒಳಗೆ ನಾರು ಕಟ್ಟುತ್ತದೆ, ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಎರಡೂ ಹೋಗದಂತಾಗುತ್ತದೆ. ಕ್ಯಾನ್ಸರಿಗೆ ಮೊದಲಿನ ಈ ಹಂತ ಬರಿಗಣ್ಣಿಗೆ ಕಾಣುತ್ತದೆ. ಸ್ಕ್ಯಾನ್ ಬೇಡ, ರಕ್ತಪರೀಕ್ಷೆ ಬೇಡ. ಜ್ವರಕ್ಕೆಂದು ಬಂದವನಿಗೆ ಬಾಯಿ ತೆಗಿ ಎಂದು ಹೇಳಿ ಟಾರ್ಚು ಹಿಡಿದರೆ ಸಾಕು. ಆ ಮಾತನ್ನು ಹೇಳದೆ ಕಳಿಸಿದ ಪ್ರತಿ ಸಲವೂ ಒಂದು ಅವಕಾಶ ಕೈಜಾರಿದಂತೆ.

ಕರ್ನಾಟಕಕ್ಕೆ ದಂತವೈದ್ಯರ ಕೊರತೆಯೆಂದು ಯಾರೂ ಹೇಳುವಂತಿಲ್ಲ. ಇಲ್ಲಿರುವಷ್ಟು ದಂತವೈದ್ಯ ಕಾಲೇಜುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲಾಗದು. ದಂತಭಾಗ್ಯ ಎಂಬ ಯೋಜನೆಯಡಿ ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಸರ್ಕಾರ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತದೆ. ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ಹಲ್ಲೆಲ್ಲ ಉದುರಿದ ಮೇಲೆ ಎಚ್ಚರಗೊಳ್ಳುವ ಸರ್ಕಾರ, ಉದುರುತ್ತಿದ್ದ ಇಪ್ಪತ್ತು ವರ್ಷ ಎಲ್ಲಿತ್ತು? ಅಪ್ಪ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಬಿಪಿ ಶುಗರ್ ನೋಡುವ ಕೋಣೆಯಿಂದ ಹಲ್ಲಿನ ಕೋಣೆಗೆ ಹದಿನೆಂಟು ಹೆಜ್ಜೆ. ಒಂದು ದಿನ ಕಾಯುತ್ತಾ ಕೂತಾಗ ಎಣಿಸಿದ್ದೆ. ಆ ಕಡೆಯಿಂದ ಚೀಟಿ ಬರೆದು ಕಳಿಸಿದ ರೋಗಿಗಳು ತಿಂಗಳಿಗೆ ಎಷ್ಟು ಬರುತ್ತಾರೆ ಎಂದು ಹಲ್ಲಿನ ಡಾಕ್ಟರನ್ನು ಕೇಳಿದೆ. ಅವರು ತಲೆಯಲ್ಲಾಡಿಸಿದರು. ಸಕ್ಕರೆ ಕಾಯಿಲೆಯವರ ಕಾರ್ಡಿನಲ್ಲಿ ಕಣ್ಣಿಗೊಂದು, ಪಾದಕ್ಕೊಂದು ಕಾಲಂ ಇದೆ. ಬಾಯಿಗೂ ಒಂದು ಕಾಲಂ ಅಚ್ಚು ಹಾಕಿ, ವರ್ಷಕ್ಕೊಮ್ಮೆ ತುಂಬಲೇಬೇಕೆಂದು ಆರೋಗ್ಯ ಇಲಾಖೆ ಆದೇಶ ಹೊರಡಿಸಲಿ. ವಸಡಿನ ಚಿಕಿತ್ಸೆಯನ್ನು ಮಧುಮೇಹದ ಚಿಕಿತ್ಸೆಯ ಭಾಗವೆಂದು ವಿಮೆಯವರು ಒಪ್ಪಲಿ. ವೈದ್ಯ ವಿದ್ಯಾರ್ಥಿಗಳು ಕೆಲವು ವಾರವಾದರೂ ಹಲ್ಲಿನ ಕುರ್ಚಿಯ ಪಕ್ಕ ನಿಂತು ಕಲಿಯಲಿ.

ಅಪ್ಪನಿಗೆ ಈಗ ಎಪ್ಪತ್ತೆರಡು. ಹದಿನಾಲ್ಕು ಹಲ್ಲು ಉಳಿದಿವೆ. ಮೂರು ತಿಂಗಳಿಗೊಮ್ಮೆ ವಸಡು ತೋರಿಸಿಕೊಂಡು ಬರುತ್ತೇವೆ. ಸಕ್ಕರೆ ಇಳಿಯಿತೇ ಎಂದು ಕೇಳುವವರಿಗೆ ಸ್ವಲ್ಪ ಇಳಿದಿದೆ ಎನ್ನುತ್ತೇನೆ. ನಡುವೆ ಮಾತ್ರೆಯನ್ನೂ ಬದಲಿಸಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ವಸಡಿಗೆ ಕೊಡಲಾರೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿನ್ನುತ್ತಾರೆ. ಮಾತಾಡುವಾಗ ಟವೆಲ್ ಹೆಗಲ ಮೇಲೆಯೇ ಇರುತ್ತದೆ.